ನೀವು ದಾರಿಯೆಂದು ಬರೆದುಕೊಂಡ ನಮ್ಮ ಕಾಲುವೆ

ಕಸದ ನೆಲೆ ವಿಸ್ತರಣೆಯ ಸ್ಥಳ ಪರಿಶೀಲನಾ ಸಮಿತಿಯ ಅಧ್ಯಕ್ಷರಿಗೆ

ಮಾನ್ಯರೇ,

ನಮ್ಮೂರಿನ ಕುಡಿಯುವ ನೀರಿನ ಕೆರೆಗೆ ನೀರು ತರುವ ಕಾಲುವೆಯೊಳಗೆ ನೀವು ಕಸದ ಲಾರಿ ಓಡಿಸಲು ಹೊರಟಿದ್ದೀರಿ. ಗೊತ್ತಿಲ್ಲದೆ ಹೊರಟಿದ್ದೀರಿ ಎಂದು ಮೊದಲು ನಂಬಿದ್ದೆ. ಕಳೆದ ವಾರದ ಅಹವಾಲು ಸಭೆಯ ನಂತರ ಆ ನಂಬಿಕೆಯೂ ಉಳಿದಿಲ್ಲ. ಆದ್ದರಿಂದ ಈ ಪತ್ರ ನಿಮ್ಮ ಮೇಜಿಗೆ ಬರುತ್ತಿಲ್ಲ, ಪತ್ರಿಕೆಗೆ ಹೋಗುತ್ತಿದೆ.

ಸಿಂಧನೂರಿನಿಂದ ಮಸ್ಕಿಯ ಕಡೆಗೆ ಬಸ್ಸಿನಲ್ಲಿ ಬರುವವರಿಗೆ ನಮ್ಮೂರು ಕಾಣುವ ಮೊದಲೇ ಅದರ ಸುಳಿವು ಸಿಗುತ್ತದೆ. ಜಾಲಿಗಿಡಗಳ ಮೈತುಂಬ ಪ್ಲಾಸ್ಟಿಕ್ ಚೀಲ. ಬಸ್ಸಿನ ತುಂಬ ಮೂಗಿಗೆ ಏರುವ ಸೆರಗು, ಕರ್ಚೀಫು. ಕಂಡಕ್ಟರ್ ಈಗ ಊರಿನ ಹೆಸರು ಕೂಗುವುದಿಲ್ಲ. "ಕಸದ ಸ್ಟಾಪ್ ಇಳಿಯೋರು ಯಾರ್ರೀ?" ಎನ್ನುತ್ತಾರೆ. ನಾವೂ ಎದ್ದು ಇಳಿಯುತ್ತೇವೆ. ಒಂದು ಪೇಟೆಗೆಂದು ಶುರುವಾದ ಈ ನೆಲೆ ಇನ್ನು ಮುಂದೆ ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ಕಡೆಯ ಕಸಕ್ಕೆ ಸಾಲುವಂತೆ ಹಿಗ್ಗಬೇಕಂತೆ. ಕಸ ಎಲ್ಲಿಗಾದರೂ ಹೋಗಲೇಬೇಕು, ಅದರಲ್ಲಿ ನಮ್ಮ ಮನೆಯದೂ ಇದೆ. ಕಸವೇ ಬೇಡ ಎಂದು ನಾನು ಜಗಳಕ್ಕೆ ಬಂದಿಲ್ಲ. ಎಷ್ಟು ದೂರದಲ್ಲಿ, ಯಾರ ಹೊಲದಲ್ಲಿ, ಯಾವ ದಾರಿಯಿಂದ ಎಂದು ಕೇಳಲು ಬಂದಿದ್ದೇನೆ.

ಮೊದಲು ದೂರದ ಮಾತು. ಕಸಕ್ಕೂ ಜನಕ್ಕೂ ನಡುವೆ ಬಫರ್ ವಲಯ ಬೇಕೆಂದು ನಿಯಮವಿದೆ, ಸಂತೋಷ. ನಿಮ್ಮ ನಕ್ಷೆಯಲ್ಲಿ ಆ ವಲಯಕ್ಕೆ ಎಳೆ ಹಸಿರು ಬಣ್ಣ ಬಳಿದಿದ್ದೀರಿ, ನೋಡಲು ಚೆಂದವಿದೆ. ಆದರೆ ಆ ಹಸಿರು ಕಸದ ನೆಲೆಯ ಬೇಲಿಯೊಳಗಿಲ್ಲ. ಬೇಲಿಯ ಹೊರಗೆ, ನಮ್ಮ ಭತ್ತದ ಗದ್ದೆಗಳ ಮೇಲಿದೆ. ಕಸ ತನ್ನ ಜಾಗವನ್ನು ಅಂಚಿನವರೆಗೂ ಅನುಭವಿಸಬಹುದು. ಅದರಿಂದ ದೂರವಿರುವ ಜವಾಬ್ದಾರಿ ಮಾತ್ರ ನಮ್ಮದು. ಆ ಬಣ್ಣ ಬಿದ್ದ ಹೊಲದಲ್ಲಿ ಇನ್ನು ದನದ ಕೊಟ್ಟಿಗೆಯನ್ನೂ ಕಟ್ಟುವಂತಿಲ್ಲ. ಹೊಲದ ಒಡೆತನ ನಮಗೆ, ಅದರ ಉಪಯೋಗ ಕಸಕ್ಕೆ. ಇದಕ್ಕೆ ನಿಮ್ಮ ವರದಿ "ಸಾರ್ವಜನಿಕ ಸಹಭಾಗಿತ್ವ" ಎಂಬ ಹೆಸರಿಟ್ಟಿದೆ. ಕನ್ನಡ ಎಂ.ಎ. ಓದಿದ ನನಗೂ ಈ ಅರ್ಥ ಹೊಸದು.

ಇನ್ನು ಕೆರೆ. ಕೆರೆಯ ಏರಿಯಿಂದ ಅಳೆದು, ನಿಯಮದ ಅಂತರಕ್ಕಿಂತ ಹೆಚ್ಚೇ ಇದೆ ಎಂದು ಬರೆದಿದ್ದೀರಿ. ಅಳತೆ ಸರಿಯಿರಬಹುದು. ಆದರೆ ಕೆರೆ ತನ್ನಷ್ಟಕ್ಕೆ ತುಂಬುವುದಿಲ್ಲ. ದೊಡ್ಡ ಕಾಲುವೆಯ ತೂಬಿನಿಂದ ಒಂದು ಮರಿಗಾಲುವೆ ಹೊರಟು, ಕಸದ ನೆಲೆಯ ಬೇಲಿಯನ್ನು ಸವರಿಕೊಂಡು ಬಂದು ಕೆರೆ ಸೇರುತ್ತದೆ. ಕೆರೆಯ ಹೊಟ್ಟೆ ಕಸದಿಂದ ದೂರವಿದೆ, ಬಾಯಿ ಮಾತ್ರ ಕಸದ ಪಕ್ಕದಲ್ಲೇ ಇದೆ. ಬಾಯಿಯನ್ನು ಬಿಟ್ಟು ಹೊಟ್ಟೆಯನ್ನಷ್ಟೇ ಅಳೆಯುವ ವೈದ್ಯರ ಬಳಿಗೆ ನೀವು ಹೋಗುತ್ತೀರಾ?

ನಿಮ್ಮ ನಕ್ಷೆಯಲ್ಲಿ ಆ ಮರಿಗಾಲುವೆ "ಹಾಲಿ ಇರುವ ಬಂಡಿದಾರಿ". ಅದನ್ನು ಅಗಲ ಮಾಡಿ, ಜಲ್ಲಿ ಹಾಕಿ, ಲಾರಿಗಳಿಗೆ ಬಿಟ್ಟುಕೊಡುವುದು ನಿಮ್ಮ ಯೋಜನೆ. ಈ ತಪ್ಪು ಹೇಗಾಯಿತೆಂದು ನಾನು ಮುಚ್ಚಿಡುವುದಿಲ್ಲ. ಅದರಲ್ಲಿ ನಮ್ಮ ಮನೆಯದೂ ಒಂದು ಪಾಲಿದೆ.

ಬೇಸಿಗೆಯಲ್ಲಿ ಕಾಲುವೆ ಬಂದ್ ಆದ ಮೇಲೆ ಮರಿಗಾಲುವೆಯ ತಳ ಒಣಗಿ ಗಟ್ಟಿಯಾಗುತ್ತದೆ. ಆಗ ಊರಿನವರು ಅದರೊಳಗೇ ಅಡ್ಡಾಡುತ್ತಾರೆ. ಹುಲ್ಲಿನ ಬಂಡಿ, ಟ್ರ್ಯಾಕ್ಟರ್, ಹೆಣ್ಣು ನೋಡಲು ಬಂದ ಬೀಗರು, ಎಲ್ಲರಿಗೂ ಅದೇ ಹತ್ತಿರ. ನೀರು ಇದ್ದಾಗ ನೀರಿನದು, ನೀರು ಹೋದಾಗ ನಮ್ಮದು. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ. ನಿಮ್ಮ ಸಿಬ್ಬಂದಿ ಬಂದದ್ದು ಆ ದಿನಗಳಲ್ಲಿ. ಜೀಪು ಎರೆಹೊಲದ ಬಿರುಕುಗಳ ಮುಂದೆ ನಿಂತಿತು. ನಮ್ಮ ಕಾಕಾ ಅಮರಗುಂಡಪ್ಪನವರು ಹೊಲದಲ್ಲಿದ್ದವರು ಓಡಿ ಬಂದರು.

"ಹಿಂಗ ಬರ್ರಿ ಸಾಹೇಬ್ರ. ಬಿಸಲಾಗ ಸುತ್ತ ಹಾಕಿ ಯಾಕ ಹೊಕ್ಕೀರಿ? ನಾವೆಲ್ಲಾ ಇದರಾಗ ಅಡ್ಡಾಡ್ತೀವಿ."

ತಲೆಗೆ ಟವೆಲ್ ಸುತ್ತಿ, ಜಾಲಿಮುಳ್ಳು ಸರಿಸುತ್ತ, ಅವರು ಮರಿಗಾಲುವೆಯ ತಳದಲ್ಲೇ ಜೀಪಿನ ಮುಂದೆ ಕೆರೆಯ ಏರಿಯವರೆಗೂ ನಡೆದರು. ಏರಿಯ ಮೇಲೆ ಅವರ ಹೆಂಡತಿ, ನಮ್ಮ ಚಿಗವ್ವ ಶೇಖರಮ್ಮ ಎಲ್ಲರಿಗೂ ಮಜ್ಜಿಗೆ ಕೊಟ್ಟಳು. ನಿಮ್ಮವರು ಎರಡೆರಡು ಲೋಟ ಕುಡಿದರು. ಆ ಮಜ್ಜಿಗೆಗೆ ಬೆರೆಸಿದ ನೀರು ಅದೇ ದಾರಿಯಿಂದ ನಡೆದುಬಂದದ್ದು ಎಂದು ನಮ್ಮವರು ಹೇಳಲಿಲ್ಲ. ನಿಮ್ಮವರು ಕೇಳಲಿಲ್ಲ.

ಮುಂದಿನದು ನಿಮಗೇ ಗೊತ್ತು. ಸಭೆಯಲ್ಲಿ ಕಾಕಾ ಎದ್ದು ನಿಂತು "ಅದು ದಾರಿ ಅಲ್ರೀ, ಕಾಲುವಿ" ಎಂದಾಗ ನೀವು ಪರದೆಯ ಮೇಲೆ ನಿಮ್ಮವರು ಅಂದು ತೆಗೆದ ಒಂದು ಫೋಟೊ ತೋರಿಸಿದಿರಿ.

"ಜೀಪಿನ ಮುಂದೆ ನಡೀತಿರೋರು ಯಾರು?"

"ನಾನರೀ."

"ಹಾಗಾದ್ರೆ ಇದು ದಾರಿ ಅಲ್ವಾ?"

"ಬ್ಯಾಸಗ್ಯಾಗ ದಾರೀರಿ. ನೀರು ಬಿಟ್ರ ಕಾಲುವಿರಿ."

ಸಭೆ ನಕ್ಕಿತು. ನೀವೂ ನಕ್ಕು, "ಯಜಮಾನ್ರೇ, ನಕ್ಷೆಯಲ್ಲಿ ಎರಡೂ ಬರೆಯೋಕೆ ಆಗಲ್ಲ" ಎಂದಿರಿ. ಯಾಕೆ ಆಗುವುದಿಲ್ಲ? ನೆಲ ವರ್ಷದಲ್ಲಿ ಎರಡು ಕೆಲಸ ಮಾಡಬಲ್ಲದಾದರೆ ನಿಮ್ಮ ಕಾಗದ ಅಷ್ಟನ್ನೂ ತಾಳಲಾರದೆ? ಆ ಕಾಲುವೆಗೆ ನೀರು ಬಿಡುವ ಇಲಾಖೆಯೂ ಸರ್ಕಾರದ್ದೇ ಅಲ್ಲವೇ? ಈ ಪ್ರಶ್ನೆಗಳು ಅಂದೇ ನನ್ನ ಬಾಯಿಗೆ ಬಂದಿದ್ದವು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ನಾನು ಏಳಲಿಲ್ಲ. ಅಷ್ಟರಲ್ಲಿ ನೀವು "ಮುಂದಿನ ವಿಷಯ" ಎಂದಿರಿ.

ಅಂದಿನಿಂದ ಕಾಕಾ ಚಹಾದಂಗಡಿಗೆ ಹೋದರೆ, ಅಂಗಡಿಯ ಹುಲಿಗೇಶ, "ಬರ್ರಿ ಕಂಟ್ರಾಟ್‌ದಾರ್ರ, ಇವತ್ತ ಯಾವ ಕಡೆ ರೋಡ್ ಹಾಕ್ಸಿ ಬಂದ್ರಿ?" ಎನ್ನತೊಡಗಿದ. ಅವನದು ಚೇಷ್ಟೆ. ಆದರೆ ಕಾಕಾ ಈಗ ಅಲ್ಲಿಗೆ ಹೋಗುವುದನ್ನೇ ಬಿಟ್ಟಿದ್ದಾರೆ.

"ಮನಿ ಬಾಗಲಿಗೆ ಬಂದೋರಿಗೆ ದಾರಿ ತೋರ್ಸಿದ್ದು ತಪ್ಪೇನು?" ಎಂದು ಚಿಗವ್ವ ಕೇಳಿದಳು.

"ದಾರಿ ಎಲ್ಲಿ ತೋರ್ಸಿದ್ನಿ? ಊರಿನ ನೀರು ಒಯ್ದು ಅವರ ಕೈಯಾಗ ಇಟ್ಟು ಬಂದ್ನಿ," ಎಂದರು ಕಾಕಾ.

ಪ್ರತಿ ವರ್ಷ ತೂಬು ಎತ್ತಿ ಮೊದಲ ನೀರು ಬಿಟ್ಟಾಗ ಊರಿನವರು ತೂಬಿಗೆ ಕಾಯಿ ಒಡೆಯುತ್ತಾರೆ. ಆಮೇಲೆ ಒಬ್ಬರು ಸಲಿಕೆ ಹಿಡಿದು, ಚಪ್ಪಲಿ ಬಿಟ್ಟು, ಕಸಕಡ್ಡಿ ತೆಗೆಯುತ್ತ ನೀರಿನ ಮುಂದೆ ಕೆರೆಯವರೆಗೂ ನಡೆಯಬೇಕು. ನಾನು ಕಂಡಾಗಿನಿಂದ ಹಾಗೆ ನಡೆದವರು ಕಾಕಾ. ಮೊನ್ನೆ ಸಲಿಕೆಯನ್ನು ಕಟ್ಟೆಗೆ ಒರಗಿಸಿ, "ಈ ಸಲ ಬ್ಯಾರೆ ಯಾರರೆ ನಡೀರಿ" ಎಂದರು. ಅದನ್ನು ಇನ್ನೂ ಯಾರೂ ಮುಟ್ಟಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಅಂತರವನ್ನು ಕೆರೆಯ ಏರಿಯಿಂದಲ್ಲ, ಮರಿಗಾಲುವೆಯ ದಂಡೆಯಿಂದ ಅಳೆಯಿರಿ. ಬಫರ್ ವಲಯ ಕಸದ ಬೇಲಿಯೊಳಗೇ ಇರಲಿ, ನಮ್ಮ ಗದ್ದೆಯ ಮೇಲೆ ಬೇಡ. ಅಲ್ಲಿಯವರೆಗೆ ಆದೇಶಕ್ಕೆ ಸಹಿ ಹಾಕಬೇಡಿ. ಅಳೆಯಲು ಬೇಸಿಗೆಯಲ್ಲಿ ಬರಬೇಡಿ. ನೀರು ಬಿಡುವ ದಿನ ಅದೇ ಜೀಪು, ಅದೇ ಕ್ಯಾಮೆರಾ ಹಿಡಿದು ಬನ್ನಿ. ಕಾಕಾನ ಕೈಗೆ ಸಲಿಕೆ ಕೊಟ್ಟು ಒಪ್ಪಿಸುವ ಕೆಲಸ ನನ್ನದು. ಅವರು ಮುಂದೆ ನಡೆಯುತ್ತಾರೆ, ಅವರ ಹಿಂದೆ ನೀರು ಬರುತ್ತದೆ, ನೀರಿನ ಹಿಂದೆ ನಿಮ್ಮ ಜೀಪು ಬರಲಿ. ಅದು ಕೆರೆಯ ಏರಿ ಮುಟ್ಟಿದರೆ ದಾರಿಯೆಂದು ನಾನೇ ಬರೆದುಕೊಡುತ್ತೇನೆ. ನಡುವೆ ನಿಂತುಬಿಟ್ಟರೆ ಇಳಿದು ಒಂದು ಫೋಟೊ ತೆಗೆಯಿರಿ, ಹಳೆಯ ಫೋಟೊದ ಜಾಗದಲ್ಲಿ ಅದನ್ನು ಹಾಕಿ. ಅದರಲ್ಲೂ ಮುಂದೆ ನಡೆಯುತ್ತಿರುವವರು ಅವರೇ ಆಗಿರುತ್ತಾರೆ. ಈ ಸಲ ಯಾರೆಂದು ಕೇಳುವ ಅಗತ್ಯ ಬೀಳದು.

ಮಜ್ಜಿಗೆ ಅಂದೂ ಇರುತ್ತದೆ. ಚಿಗವ್ವನ ಸಿಟ್ಟು ನಿಮ್ಮ ನಕ್ಷೆಯ ಮೇಲೆ, ಬಾಯಾರಿ ಬಂದವರ ಮೇಲಲ್ಲ.

ಇಂತಿ,
ಸಭೆಯಲ್ಲಿ ಏಳಬೇಕಾದಾಗ ಏಳದೆ, ಈಗ ಪತ್ರ ಬರೆಯುತ್ತಿರುವ,
ಭುವನೇಶ್ವರಿ
ಕಸದ ಸ್ಟಾಪಿನಲ್ಲಿ ಇಳಿಯುವವಳು