ನೀಲಿ ಬ್ಯಾಗಿನ ಉಸುಕು

ಅಮೋಲ್,

ನಿನ್ನ ನೀಲಿ ಬ್ಯಾಗ್ ಒಯ್ದೀನಿ. ಗೋವಾಕ್ಕ ಹೊಂಟೀನಿ, ಒಬ್ಬಾಕಿನ. ಲಿಂಗಂಪಲ್ಲಿಯಿಂದ ಲೋಕಲ್ ಹಿಡಿದು ಸಿಕಂದರಾಬಾದಿಗೆ ಹೋಗಿ ಅಲ್ಲಿ ರೈಲು ಹತ್ತತೀನಿ. ಆಯಿತವಾರ ಬರ್ತೀನಿ.

ರೊಟ್ಟಿ ಡಬ್ಬ್ಯಾಗ ಅದಾವು. ಬದನಿಕಾಯಿ ಪಲ್ಯ ಫ್ರಿಜ್ಜಿನ್ಯಾಗ ಐತಿ, ಬಿಸಿ ಮಾಡ್ಕೊಂಡು ತಿನ್ನು. ತುಳಸಿಗೆ ನೀರು ಹಾಕೂದು ಮರೀಬ್ಯಾಡ.

ಬ್ಯಾಗ್ ಝಾಡಿಸಿದಾಗ ಒಳಗಿನ ಕಿಸೇದಾಗ ಉಸುಕು ಸಿಕ್ತು, ಅದರಾಗ ಗೋವಾದ ದೋಣಿ ಟಿಕೀಟು. ಹೋದ ತಿಂಗಳು ಆಫೀಸ್ ಕೆಲಸಕ್ಕ ಪುಣೆಗೆ ಹೊಂಟೀನಿ ಅಂತ ಹೇಳಿ ಇದ ಬ್ಯಾಗ್ ಒಯ್ದಿದ್ದಿ. ಪುಣೆದಾಗ ಸಮುದ್ರ ಎಲ್ಲಿಂದ ಬಂತಪ್ಪಾ? ಗೆಳೆಯರ ಜೋಡಿ ಹೋಗಿದ್ರ ನಾ ಏನೂ ಅಂತಿದ್ದಿಲ್ಲ, ಹೇಳಿ ಹೋಗಬೇಕಿತ್ತು. ದೋಣ್ಯಾಗ ಕುಂತು ಡಾಲ್ಫಿನ್ ನೋಡೂದು, ಪ್ಯಾರಾಶೂಟ್ ಕಟ್ಕೊಂಡು ಸಮುದ್ರದ ಮ್ಯಾಲೆ ಹಾರೂದು, ಎಲ್ಲಾ ಇಬ್ಬರೂ ಕೂಡೇ ಮಾಡೂಣು ಅಂತ ಅವ್ವ ಇದ್ದಾಗಿಂದ ಹೇಳಾಂವ ನೀನ.

ಕೆಳಗ ನಿಂತು ಫೋಟೋ ತಗಿಯಾಕ ಯಾರೂ ಇಲ್ಲ. ಆದ್ರೂ ಹಾರ್ತೀನಿ.

ಫೋನ್ ಮಾಡಬ್ಯಾಡ. ಸಿಟ್ಟು ಇಳಿದ ಮ್ಯಾಲೆ ನಾನ ಮಾಡ್ತೀನಿ. ಹಾಲು ಮುಗಿದೈತಿ, ತಗೊಂಡು ಬಾ.

ಹೊರಡೂವಾಗ ಪ್ರಯಾಣ ಚೊಲೋ ಆಗ್ಲಿ ಅಂತ ಮೊಸರು-ಸಕ್ಕರಿ ನಾನ ನನ್ನ ಅಂಗೈಯಾಗ ಹಾಕ್ಕೊಂಡು ತಿಂದೆ. ನೀ ಪುಣೆಗೆ ಹೊಂಟಿ ಅಂತ ತಿಳಕೊಂಡು ಅವತ್ತು ನಿನ್ನ ಕೈಯಾಗೂ ಹಾಕಿ, ಬಾಗಲದಾಗ ನಿಂತು "ಹೋಗಿ ಬಾರಪಾ" ಅಂದಿದ್ದೆ. ಈ ಚೀಟಿ ಓದಿದ ಮ್ಯಾಲೆ ನೀನೂ ಒಮ್ಮೆ "ಹೋಗಿ ಬಾ" ಅನ್ನು. ನನಗ ಕೇಳಸಂಗಿಲ್ಲ, ಆದ್ರೂ ಅನ್ನು.

ಅಕ್ಕ