ಕೊನೆಯ ಸಾಲಿನ ಕೆಳಗಿನ ಜಾಗ

ಮಾರ್ಚ್ 3, ಸೋಮವಾರ

ಆಫೀಸಿಗೆ ಅರ್ಧ ದಿನ ರಜೆ. ರಸ್ತೆ ಅಗಲವಾಗುತ್ತಿದೆ, ಊರಮುಂದಿನ ಯುದ್ಧಸ್ಮಾರಕ ಒಳಕ್ಕೆ ಸರಿಯಬೇಕು. ಹಳೇ ಕಂಬ ಬಿರುಕು ಬಿಟ್ಟಿದೆ, ಎತ್ತಿದರೆ ಉಳಿಯುವುದಿಲ್ಲ. ಹೊಸ ಕಲ್ಲು, ಹೊಸ ನಕ್ಷೆ. ನಕ್ಷೆ ನನ್ನ ಪಾಲಿಗೆ. ಊರಲ್ಲಿ ಡ್ರಾಫ್ಟ್ಸ್‌ಮನ್ ಎಂದರೆ ನಾನೊಬ್ಬಳೇ.

ಕಂಬಕ್ಕೆ ಕಾಗದ ಒತ್ತಿ, ಪೆನ್ಸಿಲ್ ಉಜ್ಜಿ ಅಕ್ಷರಗಳ ಅಚ್ಚು ತೆಗೆದೆ. ಎಂಟು ಹೆಸರು. ಮೇಲಿನ ನಾಲ್ಕು ಒತ್ತೊತ್ತಾಗಿವೆ. ಕೆಳಗಿನ ನಾಲ್ಕರ ನಡುವೆ ಕೈ ತೂರುವಷ್ಟು ಅಂತರ. ಬರೆದವರು ಶಾಲೆಯ ಡ್ರಾಯಿಂಗ್ ಮೇಷ್ಟ್ರಂತೆ, ಆಗಿನ ಯುದ್ಧ ಇನ್ನೂ ನಡೆಯುತ್ತಿದ್ದಾಗ. ಲೆಕ್ಕ ತಪ್ಪಿರಬೇಕು. ಸ್ಕೇಲ್ ಹಿಡಿದವರು ಹೀಗೆ ಮಾಡುವುದೆ?

ಮಗನ ಫೋನ್ ಇಲ್ಲ. ಗಡಿಯಲ್ಲಿ ಸಿಗ್ನಲ್ ಇರುವುದಿಲ್ಲ. ಇರುವುದಿಲ್ಲ, ಅಷ್ಟೆ.

ಮಾರ್ಚ್ 5

ಕ್ಯಾಪ್ಟನ್ ಬಂದಿದ್ದರು. ನಿವೃತ್ತರಾಗಿ ಯಾವ ಕಾಲವಾಯಿತೋ, ಊರಿಗೆ ಇನ್ನೂ ಕ್ಯಾಪ್ಟನ್. ಸೇನೆಯ ಸುದ್ದಿ ಮೊದಲು ಬರುವುದು ಅವರಿಗೆ. ದಿನವೂ ಬರಿತಲೆಯಲ್ಲೇ ಓಡಾಡುತ್ತಾರೆ. ಹಳೇ ಟೋಪಿ ಪೆಟ್ಟಿಗೆಯಿಂದ ಹೊರಗೆ ಬರುವುದು ಒಂದೇ ಕೆಲಸಕ್ಕೆ. ಹೋದ ವರ್ಷ ನಮ್ಮ ಬೀದಿಯ ಟೈಲರ್ ಮನೆಗೆ, ಮಗನ ಸುದ್ದಿ ಹೊತ್ತು, ಹಾಕಿಕೊಂಡು ಹೋದರು. ಟೈಲರ್ ಹೆಂಡತಿ ಟೋಪಿ ಕಂಡವರೇ ಬಾಗಿಲು ಹಾಕಿಕೊಂಡರಂತೆ. ಕ್ಯಾಪ್ಟನ್ ಬಾಯಿ ತೆರೆಯಬೇಕಾಗಲೇ ಇಲ್ಲ.

ಇವತ್ತು ಬರಿತಲೆ. ಆದರೂ ಗೇಟಿನ ಸದ್ದಿಗೆ ನಾನು ಮೊದಲು ನೋಡಿದ್ದು ಅವರ ತಲೆಯನ್ನೇ.

ಹಳೇ ಎಂಟರ ಜೊತೆ ಟೈಲರ್ ಮಗ. ಒಂಬತ್ತು. ಹೊರಡುವಾಗ ಅಂದರು: "ಕೆಳಗೆ ಒಂಚೂರು ಜಾಗ ಬಿಡಮ್ಮ."

ಚಹಾದಲ್ಲಿ ಸಕ್ಕರೆ ಕಮ್ಮಿ ಎಂದು ಕೊಂಕು ತೆಗೆದು ಹೋದರು.

ಮಾರ್ಚ್ 6

ಜಾಗ ಬಿಡಲಾಗುತ್ತಿಲ್ಲ. ಒಂಬತ್ತನೆಯ ಸಾಲಿನ ಕೆಳಗೆ ಬಿಳಿ ಉಳಿದರೆ ಕಣ್ಣು ಅಲ್ಲೇ ಹೋಗಿ ನಿಲ್ಲುತ್ತದೆ. ಯಾರ ಹೆಸರು ಅಲ್ಲಿ ಹಿಡಿಯುತ್ತದೆ ಎಂದು ಮನಸ್ಸು ಅಳೆಯತೊಡಗುತ್ತದೆ...

ಓದುತ್ತಿದ್ದ ಕಾದಂಬರಿ ಯಾವುದೋ ಚಳಿದೇಶದ್ದು, ಅನುವಾದ. ಅದರಲ್ಲೂ ಒಬ್ಬ ತಾಯಿ ಅಂಚೆಯವನ ದಾರಿ ಕಾಯುತ್ತಾಳೆ. ಮುಚ್ಚಿಟ್ಟೆ.

ಅಕ್ಷರ ದೊಡ್ಡದು ಮಾಡಿದೆ. ಸಾಲುಗಳನ್ನು ಹಿಗ್ಗಿಸಿದೆ. ಕೆಳಗೆ ಅಂಚುಪಟ್ಟಿ ಎಳೆದೆ. ಈಗ ಕಡ್ಡಿಯೂ ತೂರದು. ಇವರು ಇಣುಕಿ ನೋಡಿ, "ಏನೇ ಇದು, ಸಿನಿಮಾ ಬೋರ್ಡಾ?" ಎಂದರು. ನಾನು ನಗಲಿಲ್ಲ. ಇನ್ನೊಮ್ಮೆ ನೋಡಿದರು. ಹೋಗಿ ಫೋನ್ ಚಾರ್ಜಿಗೆ ಹಾಕಿದರು. ತುಂಬಿಯೇ ಇತ್ತು.

ಮಾರ್ಚ್ 10

ಕಲ್ಲು ಕೆತ್ತುವವನಿಗೆ ನಕ್ಷೆ ತೋರಿಸಿದೆ. ತಲೆ ಕೆರೆದುಕೊಂಡ. ಹೆಸರುಗಳಿಗೆ ಉಸಿರಾಡೋಕೂ ಜಾಗ ಇಲ್ಲವಲ್ಲಕ್ಕ ಎಂದ. ಹಾಗೇ ಇರಲಿ ಎಂದೆ.

ಟಿವಿಯಲ್ಲಿ ಗಡಿಯ ಸುದ್ದಿ. ಚಾನೆಲ್ ಬದಲಿಸಿದೆವು. ಅಲ್ಲೂ ಅದೇ.

ಮಾರ್ಚ್ 13

ಹಳೇ ಕಂಬದ ಬುಡ ಅಗೆದರು. ಕಲ್ಲು ಕೆತ್ತುವವನು ಹೇಳಿಕಳಿಸಿದ. ಹೋಗುವ ಹೊತ್ತಿಗೆ ಮಣ್ಣು ತೊಳೆಯುತ್ತಿದ್ದ. ಎಂದೋ ರಸ್ತೆ ಎತ್ತರಿಸಿದಾಗ ಹೂತುಹೋದ ಭಾಗ. ಅಲ್ಲಿ, ಮೇಷ್ಟ್ರು ಎಳೆದಿದ್ದ ಅಂಚುಪಟ್ಟಿಗೂ ಕೆಳಗೆ, ಇನ್ನೊಂದು ಹೆಸರು. ಚಿಕ್ಕ ಅಕ್ಷರ. ಕೊನೆಕೊನೆಗೆ ಕಲ್ಲು ಸಾಲದೆ ಒಂದರ ಮೇಲೊಂದು ಹತ್ತಿ ಕೂತಿವೆ.

ಕ್ಯಾಪ್ಟನ್ ಕೋಲೂರಿ ಬಗ್ಗಿದರು. ಓದಿ, ಅಕ್ಷರಗಳಲ್ಲಿ ಉಳಿದಿದ್ದ ಮಣ್ಣನ್ನು ಬೆರಳಿಂದ ಒರೆಸಿದರು.

"ಮೇಷ್ಟ್ರ ಮಗ ಕಣಮ್ಮ. ನಾವಿಬ್ರೂ ಒಂದೇ ಬೆಂಚು. ಮೇಷ್ಟ್ರು ಇದನ್ನ ಬರೀವಾಗ ಅವನು ಗಡೀಲಿದ್ದ. ಕೆಳಗೆ ಜಾಗ ಬಿಡಿ ಅಂತ ಎಲ್ರೂ ಹೇಳಿದ್ರಂತೆ. ಬಿಡ್ಲಿಲ್ಲ."

ಲೆಕ್ಕ ತಪ್ಪಿರಲಿಲ್ಲ. ನಾಲ್ಕನೆಯ ಹೆಸರು ಬರೆಯುವ ಹೊತ್ತಿಗೆ ಮೇಷ್ಟ್ರಿಗೆ ಏನೋ ಸುದ್ದಿ ಬಂದಿರಬೇಕು. ಅಥವಾ ಸುದ್ದಿ ಬರುವುದು ನಿಂತಿರಬೇಕು.

ಮನೆಗೆ ಬಂದು ಕೈ ತೊಳೆದೆ. ಮತ್ತೆ ತೊಳೆದೆ.

ಮಾರ್ಚ್ 14

ನಕ್ಷೆ ಪೂರಾ ಹೊಸದಾಗಿ ಬರೆದೆ. ಹತ್ತು ಹೆಸರು. ಮೇಷ್ಟ್ರ ಮಗ ಎಲ್ಲರ ಜೊತೆಗೆ, ಎಲ್ಲರ ಅಳತೆಯಲ್ಲೇ. ಕೆಳಗೆ ಜಾಗ ಬಿಟ್ಟೆ. ಒಂದು ಸಾಲಿನದಲ್ಲ. ಒಂದೇ ಬಿಟ್ಟರೆ ಅದು ಯಾರೋ ಒಬ್ಬನದಾಗಿಬಿಡುತ್ತದೆ. ಎರಡು ಸಾಲು ಬಿಟ್ಟರೆ ಯಾರದೂ ಅಲ್ಲ. ಹಾಗಂದುಕೊಂಡೇ ಬಿಟ್ಟೆ. ಪೆನ್ಸಿಲ್ ಮೊನೆ ಮುರಿಯಿತು.

ಕ್ಯಾಪ್ಟನ್ ಭಾನುವಾರ ಬಂದು ಒಯ್ಯುತ್ತಾರಂತೆ.

ಮಾರ್ಚ್ 15, ಶನಿವಾರ, ಬೆಳಿಗ್ಗೆ

ನಕ್ಷೆ ಸುತ್ತಿಟ್ಟೆ. ಇವರು ಅಂಗಡಿಗೆ ಹೋಗಿದ್ದಾರೆ. ಕಿಟಕಿಯ ಪಕ್ಕ ಕೂತು ಬರೆಯುತ್ತಿದ್ದೇನೆ. ಬೀದಿಯಲ್ಲಿ ಎಂದಿನಂತೆ ಟೈಲರ್‌ನ ಮಿಷಿನ್ ಸದ್ದು.

ಈಗ ಕೋಲಿನ ಸದ್ದು. ಕ್ಯಾಪ್ಟನ್‌ರದೇ. ಭಾನುವಾರ ಎಂದಿದ್ದರಲ್ಲ... ನಕ್ಷೆಗೆ ಆತುರವಿರಬಹುದು. ವಾಕಿಂಗ್ ಇರಬಹುದು. ಕಾಂಪೌಂಡ್ ಗೋಡೆ ಎತ್ತರ, ಯಾರು ಬಂದರೂ ಮೊದಲು ಕಾಣುವುದು ತಲೆ. ಬರಿತಲೆಯೇ ಇರಲಿ. ಇನ್ನೇನು ಕಾಣಬೇಕು.

ಟೈಲರ್‌ನ ಮಿಷಿನ್ ನಿಂತಿತು.

ಗೋಡೆಯ ಮೇಲೆ—