ಭಾವನ ತುಕಡಿಗೆ ಒಯ್ದ ಸುದ್ದಿ

ಮಿಕ್ಕೆಲಿ, ಏಪ್ರಿಲ್ 1940

ಪ್ರೀತಿಯ ಹಿಲ್ಯಾ ಅಕ್ಕನಿಗೆ,

ಭಾವನ ಗಡಿಯಾರ ಮತ್ತು ಉಣ್ಣೆಯ ಕೈಗವಸು ಕಳಿಸಿದ್ದೇನೆ. ಕೈಗವಸನ್ನು ನಾನೇ ಒಗೆದೆ.

ಅವರು ಹೇಗೆ ತೀರಿಕೊಂಡರೆಂದು ಕೇಳಿದ್ದೀಯೆ. ಅವರ ತುಕಡಿ ಕೂಡಲೇ ಹಿಂದೆ ಸರಿಯಬೇಕಿತ್ತು, ಆದರೆ ಆ ಆದೇಶ ತಿಳಿಸಬೇಕಾದ ಟೆಲಿಫೋನ್ ತಂತಿ ತುಂಡಾಗಿತ್ತು. ಕ್ಯಾಪ್ಟನ್ ನನ್ನನ್ನು ಕರೆದು, "ಹೆಲ್ಸಿಂಕಿಯಲ್ಲಿ ಹತ್ತು ಸಾವಿರ ಮೀಟರ್ ಓಟ ಗೆದ್ದವನು ನೀನು. ಮೂರು ಕಿಲೋಮೀಟರ್ ನಿನಗ್ಯಾವ ಲೆಕ್ಕ? ಓಡಯ್ಯ!" ಎಂದರು. ಓಡಿದೆ. ಅರ್ಧ ದಾರಿಯಲ್ಲಿ ಫಿರಂಗಿ ಗುಂಡುಗಳು ಬೀಳತೊಡಗಿದವು. ಹಿಮದಲ್ಲಿ ಮುಖವಿಟ್ಟು ಮಲಗಿಬಿಟ್ಟೆ. ಗುಂಡು ನಿಂತ ಮೇಲೂ ಬಹಳ ಹೊತ್ತು ಏಳಲಿಲ್ಲ. ನಾನು ಮುಟ್ಟುವಾಗ ಅಲ್ಲಿ ಸುದ್ದಿ ಕೇಳುವವರು ಯಾರೂ ಉಳಿದಿರಲಿಲ್ಲ.

"ಬೇರೆ ಯಾರಾಗಿದ್ರೂ ಅಷ್ಟು ಬೇಗ ಹೋಗೋಕಾಗ್ತಿರಲಿಲ್ಲ ಬಿಡೋ" ಎಂದು ಜೊತೆಗಾರರು ಬೆನ್ನು ತಟ್ಟುತ್ತಾರೆ.

ಊರಿನ ಕ್ರೀಡಾ ಸಂಘದವರು ಜೂನ್ ತಿಂಗಳ ಓಟಕ್ಕೆ ನನ್ನ ಹೆಸರಿಡುತ್ತಾರಂತೆ. ದಯವಿಟ್ಟು ಬೇಡವೆನ್ನು. ಕಾರಣ ಹೇಳುವುದೂ ಬಿಡುವುದೂ ನಿನ್ನ ಇಷ್ಟ.

ನಿನ್ನ ಮಗಳು ರೈಲಿ, "ಮಾವ, ನಂಗೂ ಓಡೋದು ಕಲಿಸ್ತೀಯಾ?" ಎಂದು ಬರೆದಿದ್ದಾಳೆ. ಮಾವನ ಕಾಲು ಯುದ್ಧದಲ್ಲಿ ಹಾಳಾಯಿತೆಂದು ಅವಳಿಗೆ ಹೇಳಿಬಿಡು.

ಕಾಲಿಗೆ ಏನೂ ಆಗಿಲ್ಲ, ಅಕ್ಕಾ.

ಆರ್ವಿ